ಬಣ್ಣ ಕೆರೆಯುವ ಮುನ್ನ: ಹಳೆಯ ಸೈಕಲ್ ಫ್ರೇಮಿಗೆ ಹೊಸ ಬಣ್ಣ ಹಚ್ಚುವ ಪಾಠ



ಸೈಕಲ್ ರಿಪೇರಿ ಅಂದರೆ ಗಂಡಸರ ಕೆಲಸ ಅನ್ನುವ ಮಾತು ನಮ್ಮ ಸಂಘಗಳಲ್ಲಿ ಈಗ ಅಷ್ಟಾಗಿ ಕೇಳಿಬರುವುದಿಲ್ಲ. ಪಂಕ್ಚರ್ ಹಾಕುವುದು, ಚೈನ್ ಬದಲಿಸುವುದು, ಬ್ರೇಕ್ ಬಿಗಿ ಮಾಡುವುದು ಇವನ್ನೆಲ್ಲ ತರಬೇತಿಯಲ್ಲಿ ಕಲಿತ ಸದಸ್ಯೆಯರು ಈಗ ಮುಂದಿನ ಪ್ರಶ್ನೆ ಕೇಳುತ್ತಿದ್ದಾರೆ. "ಸಿಸ್ಟರ್, ಗುಜರಿಗೆ ಹಾಕೋ ಸೈಕಲ್ ತಂದು, ಬಣ್ಣ ಹೊಡೆದು ಮಾರಬಹುದಲ್ವಾ?"

ಮಾರಬಹುದು. ಸರ್ಕಾರ 2006-07ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಲಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿದು ನಿಂತಿವೆ. 2020ರ ಕೋವಿಡ್ ನಂತರ ಆ ಹಂಚಿಕೆ ನಿಂತುಹೋಯಿತು. ಹೈಸ್ಕೂಲಿಗೆ ನಾಲ್ಕೈದು ಕಿಲೋಮೀಟರ್ ನಡೆಯುವ ಮಗಳಿರುವ ಮನೆಯವರು ಹಳೆ ಸೈಕಲ್ ಸಿಕ್ಕರೂ ಸಾಕು ಅಂತ ಕೇಳಿಕೊಂಡು ಬರುತ್ತಾರೆ. ಹೀಗಾಗಿ ಈ ಕೆಲಸಕ್ಕೆ ಗಿರಾಕಿ ಇದ್ದಾರೆ. ಆದರೆ ಈ ಪಾಠವನ್ನು ನಾವು ನಮ್ಮದೇ ಒಂದು ತಪ್ಪಿನಿಂದ ಶುರುಮಾಡಬೇಕಾಗಿದೆ.

ಹನ್ನೊಂದು ಜನ ಸದಸ್ಯೆಯರ ಒಂದು ಸಂಘ ಬಸ್ ಸ್ಟ್ಯಾಂಡಿನ ಹಿಂದಿನ ಶೆಡ್ಡಿನಲ್ಲಿ ಈ ಕೆಲಸ ಶುರುಮಾಡಿತ್ತು. ಏಳು ಸೈಕಲ್ ಚೆನ್ನಾಗಿಯೇ ಆದವು. ಆಗ ಊರಿಗೆ ಬಂದು ನೆಲೆಸಿದ ನಿವೃತ್ತರೊಬ್ಬರು ತಮ್ಮ ಹಳೆಯ ರೇಸ್ ಸೈಕಲ್ಲಿನ ಫ್ರೇಮ್ ತಂದುಕೊಟ್ಟರು. ಹೊರದೇಶದಲ್ಲಿ ಓದುವಾಗ ಕೊಂಡಿದ್ದಂತೆ. ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಕೈಯಲ್ಲಿ ಎತ್ತಿದರೆ ಮೊರ ಎತ್ತಿದಷ್ಟು ಹಗುರ. ಸದಸ್ಯೆಯರಿಗೆ ಅನುಮಾನ ಬಂದು ನಮಗೆ ಫೋನ್ ಮಾಡಿದರು. "ಸಿಸ್ಟರ್, ಇದು ತುಂಬ ಹಗುರ ಇದೆ. ಪೇಂಟ್ ರಿಮೂವರ್ ಹಚ್ಚಬಹುದಾ?" ನಾವು ಆವತ್ತು ಇನ್ನೊಂದು ಸಭೆಗೆ ಹೊರಡುವ ಗಡಿಬಿಡಿಯಲ್ಲಿ, "ಸೈಕಲ್ ಅಂದಮೇಲೆ ಸೈಕಲ್ ತಾನೆ, ಹಚ್ಚಿ" ಅಂದುಬಿಟ್ಟೆವು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇದ್ದ ಮಾತ್ರಕ್ಕೆ ಸೈಕಲ್ ಫ್ರೇಮಿನ ವಿಷಯ ಗೊತ್ತಿರುತ್ತದೆ ಅಂತಲ್ಲ. ಗೊತ್ತಿಲ್ಲ ಅನ್ನಬೇಕಿತ್ತು, ಅನ್ನಲಿಲ್ಲ.

ರಾತ್ರಿ ಹಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಬಣ್ಣ ಎದ್ದು ಬಂದಿತ್ತು, ಅದರ ಜೊತೆಗೆ ಕೊಳವೆಯ ಮೈಯೂ ಅಂಟಂಟಾಗಿತ್ತು. ಒರೆಸಿದ ಬಟ್ಟೆಗೆ ಕಪ್ಪು ಕೂದಲಿನಂಥ ಎಳೆಗಳು ಹತ್ತಿಕೊಂಡು ಬಂದವು. ಫ್ರೇಮಿನ ಯಜಮಾನರು ಬಂದು ನೋಡಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಇದನ್ನ ಇನ್ನು ಓಡಿಸೋ ಹಾಗಿಲ್ಲಮ್ಮ" ಅಂದರು. ನಷ್ಟ ಯಾರು ಕಟ್ಟಿಕೊಡಬೇಕು ಅನ್ನುವ ಮಾತು ಸಂಘದಲ್ಲಿ ಬಂತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಒಂದು ಆಯಸ್ಕಾಂತ

ಬಣ್ಣದ ಕೆಳಗೆ ಏನಿದೆ ಅಂತ ತಿಳಿಯದೆ ಬಣ್ಣ ತೆಗೆಯಲು ಕೈಹಾಕಬಾರದು. ತಿಳಿಯಲು ದುಡ್ಡು ಬೇಕಿಲ್ಲ. ಹಾಳಾದ ಸ್ಪೀಕರಿನಿಂದ ತೆಗೆದ ಒಂದು ಆಯಸ್ಕಾಂತ ಸಾಕು. ಫ್ರೇಮಿನ ಪ್ರತಿ ಕೊಳವೆಗೂ, ಪ್ರತಿ ಜೋಡಿಗೂ ಬೇರೆ ಬೇರೆಯಾಗಿ ಹಿಡಿದು ನೋಡಿ. ಕಚ್ಚಿ ಹಿಡಿದರೆ ಕಬ್ಬಿಣ ಅಥವಾ ಉಕ್ಕು. ನಮ್ಮ ಕೈಗೆ ಬರುವ ಸೈಕಲ್ಲುಗಳಲ್ಲಿ ಹೆಚ್ಚಿನವು ಇವೇ. ಹಿಡಿಯದಿದ್ದರೆ ಅಲ್ಯೂಮಿನಿಯಂ ಇರಬಹುದು, ಕಾರ್ಬನ್ ಇರಬಹುದು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಅಲ್ಯೂಮಿನಿಯಂ ಪಾತ್ರೆಯ ಹಾಗೆ ಟಣ್ ಅನ್ನುತ್ತದೆ, ಕಾರ್ಬನ್ ಒಣ ಬಿದಿರು ತಟ್ಟಿದ ಹಾಗೆ ಮಂದವಾಗಿ ಟಕ್ ಅನ್ನುತ್ತದೆ. ಬಣ್ಣ ಕಿತ್ತುಹೋದ ಜಾಗದಲ್ಲಿ ನೇಯ್ದ ಚಾಪೆಯಂಥ ಕಪ್ಪು ನಮೂನೆ ಕಂಡರಂತೂ ಅನುಮಾನವೇ ಬೇಡ.

ಒಂದೇ ಫ್ರೇಮಿನಲ್ಲಿ ಎರಡೂ ಇರುವುದುಂಟು, ಅದಕ್ಕೇ ಪ್ರತಿ ಜಾಗದಲ್ಲೂ ನೋಡಿ ಅಂದದ್ದು. ನಾವು ಕೆಡಿಸಿದ ಫ್ರೇಮ್ ಅಂಥದ್ದೇ. ಅದರ ಕೊಳವೆ ಕಾರ್ಬನ್, ಮೂಲೆಯ ಜೋಡು ಅಲ್ಯೂಮಿನಿಯಂ.

ಕಬ್ಬಿಣದ ಫ್ರೇಮ್ ಬಂದಾಗ

ಮೊದಲು ಸೈಕಲ್ಲನ್ನು ಪೂರ್ತಿ ಬಿಚ್ಚಿ. ಚಕ್ರ, ಚೈನ್, ಹ್ಯಾಂಡಲ್, ಫೋರ್ಕ್, ಸೀಟು, ಪೆಡಲಿನ ಅಚ್ಚು ಎಲ್ಲ ಹೊರಗೆ ಬರಬೇಕು. ಬಾಲ್ಸುಗಳನ್ನು ಎಣಿಸಿ ಡಬ್ಬಿಯಲ್ಲಿ ಹಾಕಿಡಿ. ಕೆಲವರು ಬಿಚ್ಚುವ ಶ್ರಮ ಯಾಕೆ ಅಂತ ಚಕ್ರದ ಸಮೇತ ಬಣ್ಣ ಹೊಡೆಯುತ್ತಾರೆ. ಅಂಥ ಸೈಕಲ್ಲನ್ನು ದೂರದಿಂದಲೇ ಗುರುತಿಸಬಹುದು, ಕಡ್ಡಿಗಳ ಮೇಲೆಲ್ಲ ಬಣ್ಣದ ಹನಿ.

ಫ್ರೇಮಿನ ಮೇಲೆ ಕೊರೆದಿರುವ ನಂಬರನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಸಾಮಾನ್ಯವಾಗಿ ಸೀಟಿನ ಕೆಳಗಿನ ಕೊಳವೆಯ ಮೇಲೋ, ಪೆಡಲಿನ ಅಚ್ಚು ಕೂರುವ ಗುಂಡಿನ ಅಡಿಗೋ ಇರುತ್ತದೆ. ಅದನ್ನು ಉಜ್ಜಿ ಅಳಿಸಬೇಡಿ, ದಪ್ಪ ಬಣ್ಣದಲ್ಲಿ ಮುಚ್ಚಲೂ ಬೇಡಿ. ಯಾರಿಂದ ತಂದಿರಿ ಅಂತ ಒಂದು ಚೀಟಿಯಲ್ಲಿ ಸಹಿ ಹಾಕಿಸಿಟ್ಟುಕೊಳ್ಳಿ. ನಾಳೆ ಯಾರಾದರೂ ಬಂದು "ಇದು ನಮ್ಮ ಕಳುವಾದ ಸೈಕಲ್" ಅಂದರೆ ಸಂಘದ ಹೆಸರಿಗೆ ಮಸಿ ಬರಬಾರದಲ್ಲ.

ಆಮೇಲೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿ. ಈ ಒಂದು ಕೆಲಸಕ್ಕೆ ಅರ್ಧ ಗಂಟೆ ಕೊಟ್ಟರೂ ಹೆಚ್ಚಲ್ಲ. ಎಲ್ಲಿ ನೋಡಬೇಕು ಗೊತ್ತೇ? ಹ್ಯಾಂಡಲ್ ಕೂರುವ ಗಿಡ್ಡ ಕೊಳವೆಗೆ ಉದ್ದದ ಎರಡು ಕೊಳವೆ ಸೇರುವ ಜಾಗ, ಅದರಲ್ಲೂ ಅಡಿಯಲ್ಲಿ. ಪೆಡಲಿನ ಗುಂಡಿನ ಸುತ್ತ. ಹಿಂದಿನ ಚಕ್ರ ಕೂರುವ ತುದಿ. ಫೋರ್ಕಿನ ಭುಜ. ಬಣ್ಣದಲ್ಲಿ ಕೂದಲಿನಷ್ಟು ತೆಳು ಗೆರೆ, ಆ ಗೆರೆಯಿಂದ ಕಂದು ನೀರು ಇಳಿದ ಹಾಗೆ ತುಕ್ಕು ಕಂಡರೆ ಅಲ್ಲಿ ಕಬ್ಬಿಣವೇ ಬಿರಿದಿರಬಹುದು. ಕೆಳಗಿನ ಉದ್ದ ಕೊಳವೆಯ ಅಡಿಯಲ್ಲಿ ಬೆರಳಾಡಿಸಿದಾಗ ಸುಕ್ಕಿನ ಹಾಗೆ ಉಬ್ಬು ಸಿಕ್ಕರೆ ಆ ಸೈಕಲ್ ಹಿಂದೆ ಯಾವಾಗಲೋ ಎದುರಿನಿಂದ ಗುದ್ದಿಸಿಕೊಂಡಿದೆ ಅಂತ ತಿಳಿಯಿರಿ.

ಆ ಸಂಘದವರು ನಾಲ್ಕನೇ ಸೈಕಲ್ ಕೆರೆಯುವಾಗ ಹ್ಯಾಂಡಲ್ ಹತ್ತಿರ ಇಂಥ ಗೆರೆ ಸಿಕ್ಕಿತು. ಒಬ್ಬರು "ಪುಟ್ಟಿ ತುಂಬಿ ಬಣ್ಣ ಹೊಡೆದ್ರೆ ಯಾರಿಗೂ ಕಾಣಲ್ಲ ಬಿಡ್ರೀ" ಅಂದರಂತೆ. ಖಜಾಂಚಿ ಅಕ್ಕ ಒಪ್ಪಲಿಲ್ಲ. "ಇದನ್ನ ತಗೊಳ್ಳೋದು ನಮ್ಮ ಕೇರಿ ಹುಡುಗೀನೇ. ಇಳಿಜಾರಲ್ಲಿ ಹ್ಯಾಂಡಲ್ ಕೈಗೆ ಬಂದ್ರೆ ಏನ್ಮಾಡ್ತೀರಿ?" ಆ ಫ್ರೇಮನ್ನು ಎರಡು ತುಂಡು ಮಾಡಿ ಗುಜರಿಗೆ ಹಾಕಿದರು, ಚಕ್ರ ಮತ್ತು ಮಡ್‌ಗಾರ್ಡ್ ಬೇರೆ ಸೈಕಲ್ಲಿಗೆ ಬಂತು. ಬಣ್ಣ ತೆಗೆಯುವ ಕೆಲಸದಲ್ಲಿ ನಮಗೆ ಸಿಗುವ ದೊಡ್ಡ ಅನುಕೂಲ ಇದೇ. ಒಳಗಿನದು ಒಮ್ಮೆ ಕಣ್ಣಿಗೆ ಕಾಣುತ್ತದೆ. ಪುಟ್ಟಿ ಸಣ್ಣ ಗೀರು, ಸಣ್ಣ ತಗ್ಗಿಗೆ ಮಾತ್ರ. ಬಿರುಕಿಗೆ ಅಲ್ಲ.

ಕೆರೆಯುವ ವಿಧಾನ ಮತ್ತು ನಮ್ಮ ಉಸಿರು

ಎಲ್ಲ ಬಣ್ಣವನ್ನೂ ಲೋಹ ಕಾಣುವವರೆಗೆ ತೆಗೆಯಲೇಬೇಕು ಅಂತೇನಿಲ್ಲ. ಗಟ್ಟಿಯಾಗಿ ಕೂತಿರುವ ಹಳೆ ಬಣ್ಣ ಒಳ್ಳೆಯ ಬುನಾದಿ. ತುಕ್ಕು ಮತ್ತು ಎದ್ದ ಬಣ್ಣವನ್ನು ತಂತಿ ಬ್ರಷ್ಷಿನಿಂದ ತೆಗೆದು, 120 ನಂಬರಿನ ನೀರು ತಾಳುವ ಉಪ್ಪು ಕಾಗದದಲ್ಲಿ ಉಜ್ಜಿ, ಆಮೇಲೆ 240, ಕೊನೆಗೆ 400 ಹಿಡಿದರೆ ಸಾಕು. ನಂಬರು ಹೆಚ್ಚಿದಷ್ಟೂ ಕಾಗದ ನುಣುಪು.

ಒಣಗಿದ್ದನ್ನು ಉಜ್ಜಬೇಡಿ. ಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿ. ಇದಕ್ಕೆ ಕಾರಣವಿದೆ. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಬಣ್ಣದ ಸೀಸದ ಬಗ್ಗೆ 2016ರಲ್ಲಿ ನಿಯಮ ಬಂದು, 2017ರ ನವೆಂಬರ್ 1ರಿಂದ ಮನೆಗೆ ಬಳಿಯುವ ಮತ್ತು ಅಲಂಕಾರದ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಅಂತಾಯಿತು. ಕಾರ್ಖಾನೆ ಕೆಲಸದ ಬಣ್ಣಗಳು ಆ ನಿಯಮದೊಳಗೆ ಬರಲಿಲ್ಲ. ಸೀಸದ ಧೂಳು ದೊಡ್ಡವರಿಗೂ ಕೆಟ್ಟದ್ದೇ, ಆದರೆ ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಆದ್ದರಿಂದ ಕೆರೆಯುವ ಜಾಗದಲ್ಲಿ ಮಕ್ಕಳನ್ನು ಆಡಲು ಬಿಡಬಾರದು. ಕೆಳಗೆ ಹಳೆ ಪ್ಲಾಸ್ಟಿಕ್ ಹಾಳೆ ಹಾಸಿ. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಅದೇ ಸೀರೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ, ಕೆಲಸಕ್ಕೆ ಬೇರೆ ನೈಟಿಯೋ ಹಳೆ ಅಂಗಿಯೋ ಇರಲಿ. ಕೈ ತೊಳೆಯದೆ ಎಲೆಅಡಿಕೆ ಬಾಯಿಗೆ ಹಾಕಬೇಡಿ ಅಂತ ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಆದರೂ ಹೇಳುತ್ತೇವೆ. ಬಣ್ಣವನ್ನು ಸುಟ್ಟು ತೆಗೆಯುವುದಂತೂ ಬೇಡವೇ ಬೇಡ, ಸೀಸ ಹೊಗೆಯಾಗಿ ನೇರ ಎದೆಗೆ ಹೋಗುತ್ತದೆ.

ಈಗ ಪೇಂಟ್ ರಿಮೂವರ್ ವಿಷಯ. ಹಚ್ಚಿದ ಹತ್ತು ನಿಮಿಷಕ್ಕೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಬರುತ್ತದೆ, ನೋಡಲು ಖುಷಿ. ಡಬ್ಬಿಯ ಮೇಲೆ ಮಿಥೈಲೀನ್ ಕ್ಲೋರೈಡ್ ಅಥವಾ ಡೈಕ್ಲೋರೋಮೀಥೇನ್ ಅಂತ ಬರೆದಿದೆಯೇ ಅಂತ ಓದುವ ಮಕ್ಕಳ ಕೈಲಿ ಓದಿಸಿ. ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ನಾವು ಕೂತು ಕೆಲಸ ಮಾಡುವವರು, ಮೂಗು ಇರುವುದೂ ಅದೇ ಮಟ್ಟದಲ್ಲಿ. ದೇಹದೊಳಗೆ ಹೋದ ಮೇಲೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗಿ ರಕ್ತಕ್ಕೆ ಪ್ರಾಣವಾಯು ಸಿಗದಂತೆ ಮಾಡುತ್ತದೆ. ಅಮೆರಿಕದಲ್ಲಿ ಸ್ನಾನದ ತೊಟ್ಟಿಯ ಬಣ್ಣ ತೆಗೆಯುತ್ತಿದ್ದ ಕೆಲಸಗಾರರು ಇದರಿಂದ ಸತ್ತ ಮೇಲೆ, 2019ರಲ್ಲಿ ಮನೆಬಳಕೆಗೆ ಮಾರುವುದನ್ನು ಅಲ್ಲಿ ನಿಲ್ಲಿಸಿದರು. ಬಟ್ಟೆಯ ಮಾಸ್ಕಾಗಲಿ ಎನ್-95 ಮಾಸ್ಕಾಗಲಿ ಈ ಆವಿಯನ್ನು ತಡೆಯುವುದಿಲ್ಲ. ಆಸ್ಪತ್ರೆಯ ತೆಳು ಕೈಗವಸನ್ನು ನಿಮಿಷಗಳಲ್ಲಿ ದಾಟಿ ಚರ್ಮಕ್ಕೆ ಬರುತ್ತದೆ. ನಮ್ಮ ಸಂಘಗಳಿಗೆ ನಾವು ಈಗ ಹೇಳುವುದು ಒಂದೇ. ಆ ಡಬ್ಬಿ ಬೇಡ. ಕಬ್ಬಿಣಕ್ಕೆ ಉಪ್ಪು ಕಾಗದ ಸಾಕು. ಎರಡು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಬಣ್ಣ ಹಚ್ಚುವುದು

ಮಳೆಗಾಲದಲ್ಲಿ ಬೇಡ. ತೇವ ಇರುವ ಗಾಳಿಯಲ್ಲಿ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ, ಕೆರೆದ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ಮತ್ತೆ ಕೆಂಪಾಗುತ್ತದೆ. ಕೆರೆದ ದಿನವೇ ಥಿನ್ನರ್ ಬಟ್ಟೆಯಲ್ಲಿ ಒರೆಸಿ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿಬಿಡಿ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಹ್ಯಾಂಡಲ್ ಮತ್ತು ಪೆಡಲಿನ ಕಪ್ಪು ಕೂರುವ ಜಾಗ, ಮರೆ ಇರುವ ಕಡೆ, ಸೀಟಿನ ಕೊಳವೆಯ ಬಾಯಿ ಇವಕ್ಕೆ ಕಾಗದದ ಟೇಪ್ ಅಂಟಿಸಿ.

ಸಿಂಥೆಟಿಕ್ ಎನಾಮಲ್ ನಮಗೆ ಒಳ್ಳೆಯದು. ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಂದು ರಾತ್ರಿ ಬಿಡಬೇಕು. ಎನಾಮಲ್ ಮೇಲೆ ಕಾರಿನ ಅಂಗಡಿಯ ಎನ್.ಸಿ. ಬಣ್ಣ ಹೊಡೆದರೆ ಕೆಳಗಿನದು ಸುಕ್ಕುಗಟ್ಟಿ ಎದ್ದು ಬರುತ್ತದೆ, ಜಾತಿ ಬೆರೆಸಬೇಡಿ (ಬಣ್ಣದ ವಿಷಯದಲ್ಲಿ ಮಾತ್ರ ಈ ಮಾತು). ಗಟ್ಟಿಮಾಡುವ ದ್ರವ ಬೆರೆಸಿ ಹೊಡೆಯುವ ಪಿ.ಯು. ಬಣ್ಣ ಹೊಳಪು ಚೆನ್ನಾಗಿ ಕೊಡುತ್ತದೆ, ಆದರೆ ಆ ದ್ರವದಲ್ಲಿ ಐಸೋಸೈನೇಟ್ ಇರುತ್ತದೆ. ಒಮ್ಮೆ ಅದರಿಂದ ಉಬ್ಬಸ ಶುರುವಾದರೆ ಆಮೇಲೆ ಸ್ವಲ್ಪ ವಾಸನೆಗೂ ಬರುತ್ತದೆ. ಅಂಥ ಕೆಲಸ ಬಂದರೆ ಸರಿಯಾದ ಗಾಳಿ ವ್ಯವಸ್ಥೆ ಇರುವ ವರ್ಕ್‌ಶಾಪಿಗೆ ಕೊಡಿ. ಬಣ್ಣ ಒಣಗಿತು ಅಂತ ಕಂಡರೂ ಒಂದು ವಾರ ಬಿಟ್ಟು ಜೋಡಿಸಿದರೆ ಪಾನಾ ತಾಗಿದ ಕಡೆ ಕಿತ್ತು ಬರುವುದಿಲ್ಲ.

ಕಾರ್ಬನ್ ಫ್ರೇಮ್ ಬಂದರೆ

ನಮ್ಮ ಹಳ್ಳಿಗೆ ಅದೆಲ್ಲಿ ಬರುತ್ತದೆ ಅನ್ನಬೇಡಿ. ನಮಗೆ ಬಂತು. 1980ರ ದಶಕದಲ್ಲಿ ಫ್ರಾನ್ಸ್, ಇಟಲಿ, ಅಮೆರಿಕದ ಕಂಪನಿಗಳು ಕಾರ್ಬನ್ ಕೊಳವೆಗಳನ್ನು ಅಲ್ಯೂಮಿನಿಯಂ ಜೋಡುಗಳಿಗೆ ಅಂಟಿಸಿ ಫ್ರೇಮ್ ಮಾಡತೊಡಗಿದವು. ಫ್ರಾನ್ಸಿನ ವಿಟಸ್ ಇದರಲ್ಲಿ ಹೆಸರಾದದ್ದು. 1986ರಲ್ಲಿ ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ಪಂದ್ಯವನ್ನು ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದದ್ದು ಲುಕ್ ಕಂಪನಿಯ ಕಾರ್ಬನ್ ಫ್ರೇಮಿನ ಮೇಲೆ. ಆಗ ಕೊಂಡವರು ಈಗ ವಯಸ್ಸಾದವರು, ಫ್ರೇಮಿಗೂ ವಯಸ್ಸಾಗಿದೆ. ನಮಗೆ ಬಂದ ಫ್ರೇಮ್ ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ.

ಕಾರ್ಬನ್ ಅಂದರೆ ಏನು? ಬಿದಿರಿನ ಮೊರಕ್ಕೆ ಸೆಗಣಿ ಬಳಿದು ಒಣಗಿಸುತ್ತೇವಲ್ಲ, ಹಾಗೆ ನೆನೆಯಿರಿ. ಬಲ ಕೊಡುವುದು ಬಿದಿರಿನ ಹೆಣಿಗೆ, ಹೆಣಿಗೆಯನ್ನು ಅಲುಗದಂತೆ ಹಿಡಿಯುವುದು ಬಳಿದದ್ದು. ಕಾರ್ಬನ್ ಕೊಳವೆಯಲ್ಲಿ ಕೂದಲಿಗಿಂತ ಸಣ್ಣ ಕಪ್ಪು ಎಳೆಗಳು ಬಿದಿರಿನ ಜಾಗದಲ್ಲಿವೆ, ಎಪಾಕ್ಸಿ ಎಂಬ ಅಂಟು ಸೆಗಣಿಯ ಜಾಗದಲ್ಲಿದೆ. ಈಗ ನಾವು ಮಾಡಿದ ತಪ್ಪು ನಿಮಗೆ ತಿಳಿಯುತ್ತದೆ. ಪೇಂಟ್ ರಿಮೂವರ್ ಬಣ್ಣದೊಳಗಿನ ಅಂಟನ್ನು ಸಡಿಲ ಮಾಡಿ ಬಣ್ಣ ಎಬ್ಬಿಸುತ್ತದೆ. ಬಣ್ಣದ ಅಂಟು ಯಾವುದು, ಕೊಳವೆಯ ಅಂಟು ಯಾವುದು ಅಂತ ಅದಕ್ಕೆ ಭೇದವಿಲ್ಲ. ಕಬ್ಬಿಣದ ಮೇಲೆ ಅದು ಲೋಹ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಕಾರ್ಬನ್ ಮೇಲೆ ನಿಲ್ಲುವ ಜಾಗವೇ ಇಲ್ಲ. ಹೀಗೆ ಅಂಟು ಸಡಿಲವಾದ ಕೊಳವೆ ಬಗ್ಗುವುದಿಲ್ಲ, ಮುನ್ಸೂಚನೆ ಕೊಡದೆ ಒಮ್ಮೆಲೇ ಮುರಿಯುತ್ತದೆ. ಯಜಮಾನರು "ಓಡಿಸೋ ಹಾಗಿಲ್ಲ" ಅಂದದ್ದು ಅದಕ್ಕೆ.

ಬಿಸಿಯೂ ಬೇಡ. ಪೌಡರ್ ಕೋಟಿಂಗಿನವರು ಫ್ರೇಮನ್ನು ಸುಮಾರು 180 ರಿಂದ 200 ಡಿಗ್ರಿ ಬಿಸಿಯ ಒಲೆಯಲ್ಲಿಟ್ಟು ಬೇಯಿಸುತ್ತಾರೆ. ಕಬ್ಬಿಣಕ್ಕೆ ಅದು ಬಹಳ ಒಳ್ಳೆಯ ಬಣ್ಣ. ಅಂಟಿಸಿದ ಕಾರ್ಬನ್ ಫ್ರೇಮಿಗೆ ಅದೇ ಕೊನೆ. ಮರಳು ಊದಿ ಬಣ್ಣ ತೆಗೆಯುವ ಯಂತ್ರವೂ ಎಳೆಗಳನ್ನೇ ಕತ್ತರಿಸಿಬಿಡುತ್ತದೆ.

ಉಳಿಯುವುದು ಕೈ, ನೀರು ಮತ್ತು ಕಾಗದ. 320ರಿಂದ ಒರಟಾದ ಕಾಗದ ಹಿಡಿಯಬೇಡಿ. 400, ಆಮೇಲೆ 600. ಉಜ್ಜುವಾಗ ಇಳಿಯುವ ನೀರಿನ ಬಣ್ಣ ನೋಡುತ್ತಿರಿ. ಮೇಲಿನ ಬಣ್ಣದ ನೀರು ಬರುವವರೆಗೆ ಸರಿ, ಪ್ರೈಮರಿನ ಬೂದು ಬಂತು ಅಂದರೆ ನಿಧಾನ, ಕಪ್ಪು ನೀರು ಇಳಿಯಿತು ಅಂದರೆ ನೀವು ಎಳೆಯನ್ನೇ ಉಜ್ಜುತ್ತಿದ್ದೀರಿ, ಅಲ್ಲಿಗೆ ನಿಲ್ಲಿಸಿ. ಫ್ರೇಮಿನ ಬಣ್ಣವೇ ಕಪ್ಪಾಗಿದ್ದರೆ ಈ ಗುರುತು ಸಿಗುವುದಿಲ್ಲ, ಆಗ ಹೊಳಪು ಹೋಗುವಷ್ಟೇ ಉಜ್ಜಿ ಬಿಡಿ. ನಿಜ ಹೇಳಬೇಕೆಂದರೆ ಎಲ್ಲ ಕಾರ್ಬನ್ ಫ್ರೇಮಿಗೂ ಅಷ್ಟೇ ಸಾಕು. ಗಟ್ಟಿ ಬಣ್ಣದ ಮೇಲೆ ಹೊಸ ಬಣ್ಣ ಚೆನ್ನಾಗಿ ಕೂರುತ್ತದೆ. ಎಳೆಯ ಧೂಳು ಚರ್ಮಕ್ಕೆ ತುರಿಕೆ, ಉಸಿರಿಗೆ ಕೆಟ್ಟದ್ದು. ಕೈಗವಸು ಮತ್ತು ಎನ್-95 ಇಲ್ಲಿ ಬೇಕು, ಧೂಳನ್ನು ಅದು ತಡೆಯುತ್ತದೆ.

ಅಲ್ಯೂಮಿನಿಯಂ ಜೋಡಿನ ಅಂಚನ್ನು ಮರೆಯಬೇಡಿ. ಕಾರ್ಬನ್ನೂ ಅಲ್ಯೂಮಿನಿಯಮ್ಮೂ ತಾಗಿದ ಕಡೆ ಬೆವರಿನ ಉಪ್ಪುನೀರು ಸೇರಿದರೆ ಬ್ಯಾಟರಿಯೊಳಗಿನ ಹಾಗೆ ಕ್ರಿಯೆ ನಡೆದು ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಹೊರಗೆ ಬಣ್ಣದ ಗುಳ್ಳೆ, ಗುಳ್ಳೆ ಒಡೆದರೆ ಬಿಳಿ ಹಿಟ್ಟು. ಅಂಚಿನ ಸುತ್ತ ಇದು ಕಂಡರೆ ಒಳಗಿನ ಅಂಟು ಬಿಡುತ್ತಿರಬಹುದು. ಅಂಥ ಫ್ರೇಮಿಗೆ ಬಣ್ಣ ಹೊಡೆದು ಕೊಡಬೇಡಿ, ಕಂಡದ್ದನ್ನು ಕಂಡ ಹಾಗೆ ಹೇಳಿ ವಾಪಸ್ ಕೊಡಿ. ಎಲ್ಲ ಸರಿಯಿದ್ದರೆ ರೆಡ್ ಆಕ್ಸೈಡ್ ಬದಲು ಎಪಾಕ್ಸಿ ಪ್ರೈಮರ್ ಬಳಸಿ, ಅದು ಅಲ್ಯೂಮಿನಿಯಂ ಮತ್ತು ಕಾರ್ಬನ್ ಎರಡಕ್ಕೂ ಹಿಡಿಯುತ್ತದೆ. ಕೈಗವಸು ಇಲ್ಲದೆ ಮುಟ್ಟಬಾರದು.

ನಷ್ಟದ ಮಾತು

ಮೂರು ಸಭೆ ಇದೇ ಮಾತಾಯಿತು. ಸಂಘದ ಉಳಿತಾಯದಿಂದ ಕೊಡೋಣ ಅಂತ ಅಧ್ಯಕ್ಷೆ ಅಂದರೆ, ಇನ್ನೊಬ್ಬರು ಎದ್ದು ನಿಂತು, "ಸಿಸ್ಟರ್ ಹಚ್ಚಿ ಅಂದಿದ್ದಕ್ಕೆ ನಾವು ಹಚ್ಚಿದ್ದು. ನಮ್ಮ ದುಡ್ಡು ಯಾಕೆ ಕೊಡಬೇಕು?" ಅಂದರು. ನಾವು ಅಲ್ಲೇ ಕೂತಿದ್ದೆವು. ಎಲ್ಲರೂ ಅವರನ್ನು ಸುಮ್ಮನಿರಿಸಲು ನೋಡಿದರು. ಆದರೆ ಅವರು ಹೇಳಿದ್ದು ಸರಿ. ಅರ್ಧ ನಮ್ಮ ಕಡೆಯಿಂದ, ಅರ್ಧ ಸಂಘದಿಂದ ಅಂತ ತೀರ್ಮಾನವಾಗಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿದರು. ಯಜಮಾನರು ಹಣ ತೆಗೆದುಕೊಂಡರು. ಫ್ರೇಮನ್ನು ಶೆಡ್ಡಿನಲ್ಲೇ ಬಿಟ್ಟುಹೋದರು. ಹೊಸದಾಗಿ ಸೇರುವವರಿಗೆ ಖಜಾಂಚಿ ಅಕ್ಕ ಈಗ ಅದನ್ನೇ ಕೈಗೆ ಕೊಟ್ಟು ತಟ್ಟಿ ನೋಡಲು ಹೇಳುತ್ತಾರೆ.

ಆ ಸಂಘದಲ್ಲಿ ಅಂದಿನಿಂದ ಪ್ರತಿ ಸೈಕಲ್ಲಿಗೂ ಒಂದು ಚೀಟಿ. ತಂದವರ ಹೆಸರು, ಫ್ರೇಮ್ ನಂಬರು, ಆಯಸ್ಕಾಂತ ಹಿಡಿಯಿತೋ ಇಲ್ಲವೋ, ಬಿರುಕು ನೋಡಿದವರು ಯಾರು. ಇಬ್ಬರು ನೋಡಿ ಇಬ್ಬರೂ ಸಹಿ ಹಾಕಿದ ಮೇಲೆಯೇ ಕೆರೆಯಲು ಶುರು.

ಸಭೆಯಲ್ಲಿ ಮಾತಾಡಿಕೊಳ್ಳಿ: ಬಿರುಕಿನ ಫ್ರೇಮ್ ಬಿಸಾಡಿದಾಗ ಆದ ನಷ್ಟವನ್ನು ನಿಮ್ಮ ಸಂಘ ಯಾವ ಲೆಕ್ಕಕ್ಕೆ ಬರೆಯುತ್ತದೆ? ನಿಮ್ಮ ಕೆಲಸದ ಜಾಗದಲ್ಲಿ ಮಕ್ಕಳು ಎಲ್ಲಿರುತ್ತಾರೆ? ನಾವು, ಅಂದರೆ ತರಬೇತಿ ಕೊಡುವವರು, ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ಹೇಳಿದ ಸಂದರ್ಭ ನಿಮ್ಮಲ್ಲೂ ಇದ್ದರೆ ಬರೆದು ಕಳಿಸಿ.